ಧ್ವನಿ ಕೈಕೊಡುವ ಕಾಯಿಲೆ

2019ರ ಫೆಬ್ರುವರಿ ಕೊನೆಯ ವಾರ ಅಮೆರಿಕದ 'ಗುಡ್ ಮಾರ್ನಿಂಗ್ ಅಮೆರಿಕ' ಟೀವಿ ಕಾರ್ಯಕ್ರಮದಲ್ಲಿ ನಟಿ ಸೆಲ್ಮಾ ಬ್ಲೇರ್ ಮಾತಿಗೆ ಕೂತಿದ್ದರು. 'ಲೀಗಲಿ ಬ್ಲಾಂಡ್', 'ಹೆಲ್‌ಬಾಯ್' ಸಿನಿಮಾಗಳಲ್ಲಿ ಅವರನ್ನು ಕಂಡಿದ್ದವರಿಗೆ ಮುಖದ ಗುರುತು ಹತ್ತಿತು, ಧ್ವನಿಯ ಗುರುತು ಹತ್ತಲಿಲ್ಲ. ಮಾತು ಗಂಟಲಲ್ಲಿ ಸಿಕ್ಕಿಕೊಂಡು, ನಡುಗಿ, ತುಂಡುತುಂಡಾಗಿ ಹೊರಬರುತ್ತಿತ್ತು. ಒಂದೊಂದು ವಾಕ್ಯಕ್ಕೂ ಅವರು ಹೆಣಗುತ್ತಿದ್ದುದು ಎದ್ದು ಕಾಣುತ್ತಿತ್ತು. ಆದರೆ ಹೇಳುತ್ತಿದ್ದ ವಿಷಯದಲ್ಲಿ ಎಲ್ಲೂ ಗೊಂದಲವಿರಲಿಲ್ಲ. ಹಿಂದಿನ ವರ್ಷ ಆಗಸ್ಟ್‌ನಲ್ಲಿ ತಮಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವುದು ಪತ್ತೆಯಾಯಿತು ಎಂದರು. ಅದಕ್ಕೂ ಮೊದಲು ವರ್ಷಗಟ್ಟಲೆ ಆಯಾಸ, ಬೀಳುವುದು, ಕೈಕಾಲು ಮಾತು ಕೇಳದಿರುವುದು ಎಲ್ಲ ಇದ್ದರೂ ವೈದ್ಯರು ಅಷ್ಟಾಗಿ ಕಿವಿಗೊಟ್ಟಿರಲಿಲ್ಲವಂತೆ. ಕಾಯಿಲೆಗೆ ಒಂದು ಹೆಸರು ಸಿಕ್ಕ ದಿನ ಅವರು ಅತ್ತದ್ದು ಸಮಾಧಾನದಿಂದ. ಗಂಟಲಿನ ಸ್ನಾಯುಗಳು ಸೆಳೆತಕ್ಕೆ ಸಿಕ್ಕಿ ಧ್ವನಿ ಹೀಗಾಗಿದೆ ಎಂದು ಅವರೇ ವಿವರಿಸಿದರು. ಧ್ವನಿ ಸುಧಾರಿಸುವವರೆಗೆ ಕಾಯ್ದು ಆಮೇಲೆ ಕ್ಯಾಮೆರಾ ಮುಂದೆ ಬರಬಹುದಿತ್ತು. ಅವರು ಕಾಯಲಿಲ್ಲ. ಈ ಕಾಯಿಲೆ ಉಲ್ಬಣಿಸಿದಾಗ ಮನುಷ್ಯ ಹೇಗೆ ಮಾತಾಡುತ್ತಾನೆ ಎಂಬುದನ್ನು ಜನ ಕೇಳಲಿ ಎಂದೇ ಬಂದಿದ್ದರು.

ಅದು ದೊಡ್ಡ ಉಪಕಾರ. ಏಕೆಂದರೆ ಎಂಎಸ್ ಎಂದ ಕೂಡಲೇ ಜನರ ಕಣ್ಣಿಗೆ ಬರುವುದು ಊರುಗೋಲು, ಗಾಲಿಕುರ್ಚಿ. ಧ್ವನಿ ಯಾರ ನೆನಪಿಗೂ ಬರುವುದಿಲ್ಲ. ಕಾಯಿಲೆ ಇರುವವರು ಕೂಡ ಡಾಕ್ಟರ ಮುಂದೆ ಕಾಲಿನದು, ಕಣ್ಣಿನದು, ಮೂತ್ರದ ತೊಂದರೆಯದು ಹೇಳಿಕೊಂಡು, ಮಾತಿನ ವಿಷಯ ಬಿಟ್ಟು ಎದ್ದು ಬರುತ್ತಾರೆ.

ಮೊದಲು ಕಾಯಿಲೆ ಏನೆಂದು ನೋಡೋಣ. ಮೆದುಳು, ಬೆನ್ನುಹುರಿ, ಕಣ್ಣಿನ ನರಗಳಲ್ಲಿರುವ ನರತಂತುಗಳ ಸುತ್ತ ಮೈಲಿನ್ ಎಂಬ ಕೊಬ್ಬಿನಂಶದ ಪದರವಿರುತ್ತದೆ. ಸಂದೇಶಗಳು ವೇಗವಾಗಿ, ಚದುರದೆ ಸಾಗುವುದು ಈ ಪದರದ ದೆಸೆಯಿಂದ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಎಂಎಸ್‌ನಲ್ಲಿ ಈ ಪದರದ ಮೇಲೆ ಎರಗುತ್ತದೆ. ಪದರ ಕಳಚಿದ ಕಡೆ ಗಾಯವಾಗಿ ಕಲೆ ಉಳಿಯುತ್ತದೆ. ಕಲೆ ಎಲ್ಲಿ ಬಿತ್ತು ಎನ್ನುವುದರ ಮೇಲೆ ತೊಂದರೆ ಯಾವುದು ಎನ್ನುವುದು ನಿಂತಿದೆ. ಹಾಗಾಗಿ ಒಬ್ಬರ ಎಂಎಸ್ ಇನ್ನೊಬ್ಬರದರ ಹಾಗಿರುವುದಿಲ್ಲ. ಜಗತ್ತಿನಲ್ಲಿ ಸುಮಾರು 29 ಲಕ್ಷ ಜನರಿಗೆ ಈ ಕಾಯಿಲೆಯಿದೆ ಎಂಬುದು ಅಂತರರಾಷ್ಟ್ರೀಯ ಅಂದಾಜು. ಹೆಚ್ಚಿನವರಲ್ಲಿ ಇದು ಕಾಣಿಸಿಕೊಳ್ಳುವುದು 20ರಿಂದ 40ರ ವಯಸ್ಸಿನಲ್ಲಿ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಟ್ಟಿಗೂ ಹೆಚ್ಚು. ಓದು ಮುಗಿಸಿ ಕೆಲಸಕ್ಕೆ ಸೇರುವ, ಮದುವೆಯಾಗುವ, ಮಕ್ಕಳನ್ನು ಹೆರುವ ವಯಸ್ಸು ಅದು; ಬಾಯಿ ತೆರೆಯದೆ ಒಂದು ದಿನವೂ ಸಾಗದ ವಯಸ್ಸು.

ಎಪ್‌ಸ್ಟೀನ್-ಬಾರ್ ಎಂಬ ಸಾಮಾನ್ಯ ವೈರಸ್ಸಿಗೂ ಇದಕ್ಕೂ ಗಟ್ಟಿ ನಂಟಿದೆ ಎಂದು ಅಮೆರಿಕದ ಸೇನಾ ಸಿಬ್ಬಂದಿಯ ರಕ್ತದ ಮಾದರಿಗಳನ್ನಿಟ್ಟುಕೊಂಡು ಹಾರ್ವರ್ಡ್‌ನ ಸಂಶೋಧಕರು 2022ರಲ್ಲಿ ತೋರಿಸಿದರು. ವೈರಸ್ ಸೋಂಕು ತಗುಲಿದ ಮೇಲೆ ಎಂಎಸ್ ಬರುವ ಅಪಾಯ 32 ಪಟ್ಟು ಏರಿತ್ತು. ಹಾಗೆಂದು ಆ ವೈರಸ್ ತಗುಲಿದ ಎಲ್ಲರಿಗೂ ಎಂಎಸ್ ಬರುವುದಿಲ್ಲ. ಬಹುಪಾಲು ಜನರ ಮೈಯಲ್ಲಿ ಅದು ಏನೂ ಮಾಡದೆ ಜೀವಮಾನವಿಡೀ ಇದ್ದುಬಿಡುತ್ತದೆ.

ಮಾತಿಗೂ ಈ ಕಾಯಿಲೆಗೂ ಇರುವ ಸಂಬಂಧ ಹೊಸದಾಗಿ ಗೊತ್ತಾದದ್ದಲ್ಲ. ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಜಾನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಈ ಕಾಯಿಲೆಯನ್ನು ಬೇರೆ ನಡುಕದ ಕಾಯಿಲೆಗಳಿಂದ ಬಿಡಿಸಿ ತೋರಿಸಿದಾಗ ಮೂರು ಗುರುತು ಹೇಳಿದ್ದ. ಕಣ್ಣುಗುಡ್ಡೆ ತಾನಾಗಿ ಅದುರುವುದು ಒಂದು. ಏನನ್ನಾದರೂ ಹಿಡಿಯಲು ಹೋದಾಗ ಕೈ ನಡುಗುವುದು ಇನ್ನೊಂದು. ಮೂರನೆಯದು ಮಾತಿನ ಧಾಟಿ. ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕುವಾಗ ಮಕ್ಕಳು ಲಘು ಗುರು ಎಂದು ಅಕ್ಷರ ಅಕ್ಷರಕ್ಕೆ ನಿಂತು ಓದುತ್ತಾರಲ್ಲ, ಸುಮಾರಾಗಿ ಹಾಗೆ. ಅಕ್ಷರಗಳ ನಡುವೆ ಬಿಡುವು, ಪ್ರತಿ ಅಕ್ಷರಕ್ಕೂ ಒಂದೇ ತೂಕ, ಏರಿಳಿತ ಇಲ್ಲ. ಕೈಕಾಲುಗಳ ಚಲನೆಯನ್ನು ಹದದಲ್ಲಿಡುವ ಅನುಮಸ್ತಿಷ್ಕವೇ ನಾಲಿಗೆ, ತುಟಿ, ಉಸಿರುಗಳನ್ನೂ ಹೊಂದಿಸುತ್ತದೆ. ತಲೆಯ ಹಿಂಭಾಗದಲ್ಲಿರುವ ಈ ಕಿರುಮೆದುಳಿಗೆ ಹೋಗಿ ಬರುವ ದಾರಿಯಲ್ಲಿ ಗಾಯವಾದರೆ ಮಾತಿನ ಲಯ ತಪ್ಪುತ್ತದೆ.

ಪಠ್ಯಪುಸ್ತಕಗಳು ಬಹುಕಾಲ ಇದನ್ನೇ ಎಂಎಸ್‌ನ ಮಾತು ಎಂದು ಬಣ್ಣಿಸಿದವು. ಅಮೆರಿಕದ ಮೇಯೊ ಕ್ಲಿನಿಕ್‌ನ ಡಾರ್ಲೆ, ಬ್ರೌನ್, ಗೋಲ್ಡ್‌ಸ್ಟೀನ್ ಎಂಬ ಮೂವರು 168 ಜನ ರೋಗಿಗಳ ಮಾತನ್ನು ಕೂತು ಕೇಳಿ 1972ರಲ್ಲಿ ಪ್ರಕಟಿಸಿದ ಅಧ್ಯಯನ ಆ ಕಲ್ಪನೆಯನ್ನು ತಿದ್ದಿತು. ಸುಮಾರು ನೂರಕ್ಕೆ 40 ಜನರ ಮಾತಿನಲ್ಲಿ ಏನಾದರೊಂದು ಏರುಪೇರಿತ್ತು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಧ್ವನಿಯ ಜೋರನ್ನು ಹಿಡಿತದಲ್ಲಿಟ್ಟುಕೊಳ್ಳಲಾಗದ ತೊಂದರೆ. ಅದರ ಬೆನ್ನಿಗೇ ಒರಟಾದ, ಗೊಗ್ಗರು ಧ್ವನಿ. ಶಾರ್ಕೋ ಹೇಳಿದ ಬಿಡಿ ಬಿಡಿ ಮಾತು ಅಷ್ಟು ಸಾಮಾನ್ಯವಾಗಿರಲಿಲ್ಲ. ಬಹುತೇಕರ ತೊಂದರೆ ಸೌಮ್ಯದ್ದು. ಸೌಮ್ಯ ಎನ್ನುವುದು ಪರೀಕ್ಷೆ ಮಾಡುವವರ ಮಾತು. ದಿನಕ್ಕೆ ನಲವತ್ತು ಸಲ 'ಆಂ? ಏನಂದ್ರಿ?' ಕೇಳಿಸಿಕೊಳ್ಳುವವರಿಗೆ ಅದು ಸೌಮ್ಯವಲ್ಲ.

ಮಾತಾಡುವುದೆಂದರೆ ಸಣ್ಣ ಕೆಲಸವಲ್ಲ. ಎದೆ ಮತ್ತು ಹೊಟ್ಟೆಯ ಸ್ನಾಯುಗಳು ಉಸಿರನ್ನು ಹದವಾಗಿ ಮೇಲಕ್ಕೆ ತಳ್ಳಬೇಕು. ಧ್ವನಿಪೆಟ್ಟಿಗೆಯ ತಂತುಗಳು ಸರಿಯಾದ ಬಿಗಿಯಲ್ಲಿ ಕೂಡಿ ಕಂಪಿಸಬೇಕು. ಅಂಗುಳಿನ ಹಿಂಭಾಗ ಏಳಬೇಕು, ನಾಲಿಗೆ ತುಟಿ ದವಡೆ ಕ್ಷಣಕ್ಷಣಕ್ಕೂ ಜಾಗ ಬದಲಿಸಬೇಕು. ಇದರಲ್ಲಿ ಯಾವುದಕ್ಕೆ ಹೋಗುವ ಸಂದೇಶ ತಡವಾದರೂ ಕೇಳುವವರ ಕಿವಿಗೆ ಗೊತ್ತಾಗುತ್ತದೆ. ಬೆನ್ನುಹುರಿಯಲ್ಲಿ ಗಾಯವಿದ್ದವರಿಗೆ ಉಸಿರು ಸಾಲದೆ ವಾಕ್ಯದ ಕೊನೆಯ ಪದಗಳು ಕರಗಿಹೋಗುತ್ತವೆ. ಕನ್ನಡದಲ್ಲಿ ಇದು ದೊಡ್ಡ ನಷ್ಟ, ಏಕೆಂದರೆ ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. 'ನಾಳೆ ಮೈಸೂರಿಗೆ' ಎನ್ನುವವರೆಗೆ ಕೇಳಿಸಿ, 'ಹೋಗಲ್ಲ' ಎನ್ನುವುದು ಕೇಳಿಸದಿದ್ದರೆ? ಮೆದುಳುಕಾಂಡದಲ್ಲಿ ಗಾಯವಾದವರಲ್ಲಿ ಮಾತು ಮೂಗಿನಿಂದ ಬಂದಂತಾಗುತ್ತದೆ, ನಾಲಿಗೆ ತೊದಲುತ್ತದೆ, ಧ್ವನಿ ಬಿಗಿದು ಹಿಂಡಿದಂತೆ ಕೇಳುತ್ತದೆ. ಅನುಮಸ್ತಿಷ್ಕದ ತೊಂದರೆಯಲ್ಲಿ ಅಕ್ಷರಗಳ ಅಳತೆ ಕೆಡುತ್ತದೆ. ಹ್ರಸ್ವ ದೀರ್ಘ, ಒತ್ತು ಇವೆಲ್ಲ ಅರ್ಥ ಹೊತ್ತ ನುಡಿ ನಮ್ಮದು. ಎಲ್ಲ ಅಕ್ಷರಕ್ಕೂ ಒಂದೇ ಅಳತೆ ಬಿದ್ದರೆ 'ಬಳೆ' ಯಾವುದು 'ಬಾಳೆ' ಯಾವುದು, 'ಕತೆ' ಯಾವುದು 'ಕತ್ತೆ' ಯಾವುದು ಎಂದು ಕೇಳುವವರು ಸಂದರ್ಭ ನೋಡಿ ಊಹಿಸಬೇಕಾಗುತ್ತದೆ. ಹೆಚ್ಚಿನವರಲ್ಲಿ ಈ ಬಗೆಗಳು ಒಂದರೊಳಗೊಂದು ಬೆರೆತೇ ಇರುತ್ತವೆ.

ಇದರ ಜೊತೆಗೆ ಧ್ವನಿಗೆ ಸಂಬಂಧವೇ ಇಲ್ಲದ ಇನ್ನೊಂದು ತೊಡಕು ಇದೆ. ಎಂಎಸ್ ಇರುವವರಲ್ಲಿ ಅರ್ಧದಷ್ಟು ಜನರಿಗೆ ಯೋಚನೆಯ ವೇಗ ತುಸು ತಗ್ಗುತ್ತದೆ, ಗೊತ್ತಿರುವ ಪದ ಬೇಕಾದಾಗ ಒದಗುವುದಿಲ್ಲ. ಬುದ್ಧಿ ಮಂಕಾಗಿರುವುದಿಲ್ಲ, ಹುಡುಕಿ ತೆಗೆಯಲು ಹೊತ್ತು ಹಿಡಿಯುತ್ತದೆ ಅಷ್ಟೆ. ಒಬ್ಬರೊಡನೆ ಮಾತಾಡುವಾಗ ಇದು ಗೊತ್ತೇ ಆಗದಿರಬಹುದು. ನಾಲ್ಕು ಜನ ಒಟ್ಟಿಗೆ ಹರಟುವಲ್ಲಿ ಅವರು ಪದ ಹುಡುಕಿ, ಉಸಿರು ಕೂಡಿಸಿ, ಬಾಯಿ ತೆರೆಯುವ ಹೊತ್ತಿಗೆ ಮಾತು ಮೂರು ಊರು ದಾಟಿರುತ್ತದೆ. ನಾಲ್ಕಾರು ಸಲ ಹೀಗಾದ ಮೇಲೆ ಅವರು ಮಾತಿಗೆ ಬರುವುದನ್ನೇ ಬಿಡುತ್ತಾರೆ. ಮನೆಯವರು 'ಇತ್ತೀಚೆಗೆ ಯಾಕೋ ಮೌನ, ಯಾರ ಜೊತೆಗೂ ಸೇರಲ್ಲ' ಎನ್ನುತ್ತಾರೆ.

ಬೇರೆಯವರು ಅದಕ್ಕಿಂತ ಕೆಟ್ಟದ್ದನ್ನು ಅನ್ನುತ್ತಾರೆ. ತೊದಲುವ ಮಾತು, ತೂರಾಡುವ ನಡಿಗೆ ಎರಡೂ ಕೂಡಿದರೆ ನೋಡಿದವರ ಮೊದಲ ಅನುಮಾನ ಕುಡಿತದ ಮೇಲೆ. ದೇಶ ಯಾವುದಾದರೂ ಎಂಎಸ್ ಇರುವವರು ಹೇಳಿಕೊಳ್ಳುವ ನೋವುಗಳಲ್ಲಿ ಇದು ಪದೇಪದೇ ಬರುತ್ತದೆ. ಫೋನಿನಲ್ಲಂತೂ ಮುಖವೂ ಕಾಣುವುದಿಲ್ಲ, ತುಟಿಯೂ ಕಾಣುವುದಿಲ್ಲ. ಬ್ಯಾಂಕಿನ ಸಹಾಯವಾಣಿಗೆ ಕರೆಮಾಡಿ ಖಾತೆ ಸಂಖ್ಯೆ ಹೇಳುವಷ್ಟರಲ್ಲಿ ಆ ಕಡೆಯವರು ಕರೆ ಕಡಿದುಬಿಡುತ್ತಾರೆ. ತುಂಬಿದ ಬಸ್ಸಿನಲ್ಲಿ 'ಇಳಿಯೋರಿದ್ದಾರೆ' ಎಂದು ಕೂಗಲಾಗದೆ ಒಂದು ಸ್ಟಾಪು ಮುಂದೆ ಹೋಗಿ, ಆಗದ ಕಾಲಿನಲ್ಲಿ ಹಿಂದಕ್ಕೆ ನಡೆದು ಬರಬೇಕು. ಓಲಗ, ಧ್ವನಿವರ್ಧಕ, ನೂರು ಜನರ ಗದ್ದಲವಿರುವ ಮದುವೆ ಮನೆಯಲ್ಲಿ ಎಷ್ಟು ಜೋರಾಗಿ ಅಂದರೂ ಪಕ್ಕದವರಿಗೆ ಕೇಳಿಸುವುದಿಲ್ಲ. ಹತ್ತು ನಿಮಿಷ ಪ್ರಯತ್ನಪಟ್ಟರೆ ಆ ದಿನದ ಧ್ವನಿಯೆಲ್ಲ ಖರ್ಚಾಗಿರುತ್ತದೆ. ಪಾಠ ಹೇಳುವವರು, ಕಂಡಕ್ಟರುಗಳು, ಕಾಲ್ ಸೆಂಟರಿನವರು, ವಕೀಲರು, ಸಂತೆಯಲ್ಲಿ ಕೂಗಿ ಮಾರುವವರು ಇವರಿಗೆಲ್ಲ ಧ್ವನಿ ಹೋಯಿತೆಂದರೆ ಸಂಬಳವೇ ಹೋಯಿತು.

ಕೆಲವರಿಗೆ ಇನ್ನೊಂದು ಮುಜುಗರ. ಎಂಎಸ್ ಇರುವ ಸುಮಾರು ಹತ್ತರಲ್ಲಿ ಒಬ್ಬರಿಗೆ, ದುಃಖವಿಲ್ಲದೆ ಅಳು, ಖುಷಿಯಿಲ್ಲದೆ ನಗು ಉಕ್ಕಿ ಬರುತ್ತದೆ. ಭಾವನೆಯನ್ನು ಹೊರಗೆಡಹುವ ಚಲನೆಗಳ ಮೇಲೆ ಮೆದುಳಿನ ಹಿಡಿತ ಸಡಿಲವಾಗುವುದರಿಂದ ಹೀಗಾಗುತ್ತದೆ. ಸಾವಿನ ಮನೆಯಲ್ಲಿ ನಕ್ಕವರನ್ನು ನೆಂಟರು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಇದೂ ಕಾಯಿಲೆಯದೇ ಲಕ್ಷಣ, ಇದಕ್ಕೂ ಔಷಧಿಯಿದೆ ಎಂದು ಗೊತ್ತಿದ್ದರೆ ಎಷ್ಟೋ ಮನಸ್ತಾಪ ತಪ್ಪುತ್ತದೆ.

ಈ ಧ್ವನಿ ದಿನವಿಡೀ ಒಂದೇ ಥರ ಇರುವುದಿಲ್ಲ. ಬೆಳಿಗ್ಗೆ ಏಳಕ್ಕೆ ಸ್ಪಷ್ಟವಾಗಿ ಮಾತಾಡಿದವರೇ ಮಧ್ಯಾಹ್ನ ಮೂರಕ್ಕೆ ತೊದಲುತ್ತಾರೆ. ಒಂದು ಕಾರಣ ಆಯಾಸ. ಎಂಎಸ್ ಇರುವ ಹೆಚ್ಚಿನವರನ್ನು ಕಾಡುವ, ನಿದ್ದೆ ಮಾಡಿದರೂ ಹೋಗದ ಆಯಾಸ ಅದು. ಇನ್ನೊಂದು ಕಾರಣ ಸೆಕೆ. ಜರ್ಮನಿಯ ಕಣ್ಣಿನ ವೈದ್ಯ ವಿಲ್‌ಹೆಲ್ಮ್ ಊಟ್‌ಹೋಫ್ 1890ರಲ್ಲಿ, ಮೈ ದಣಿದು ಬಿಸಿಯಾದಾಗ ಈ ರೋಗಿಗಳ ದೃಷ್ಟಿ ಮಂಜಾಗಿ, ತಣ್ಣಗಾದ ಮೇಲೆ ಮರಳುವುದನ್ನು ಬರೆದಿಟ್ಟ. ಮೈಲಿನ್ ಕಳಚಿದ ನರತಂತುವಿನಲ್ಲಿ ಸಂದೇಶ ಹೇಗೋ ಪ್ರಯಾಸದಿಂದ ದಾಟುತ್ತಿರುತ್ತದೆ. ಮೈಯ ಒಳಗಿನ ಶಾಖ ಅರ್ಧ ಡಿಗ್ರಿ ಏರಿದರೂ ಸಾಕು, ಅಲ್ಲಿಗೇ ನಿಂತುಬಿಡುತ್ತದೆ. ಎಂಆರ್‌ಐ ಬರುವ ಮೊದಲು ವೈದ್ಯರು ಅನುಮಾನವಿದ್ದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣಗಳು ಹೊರಬೀಳುತ್ತವೆಯೇ ಎಂದು ನೋಡುತ್ತಿದ್ದದ್ದೂ ಉಂಟು. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿ ಕಡೆ ಇರುವವರಿಗೆ, ಗಾಳಿಯಾಡದ ಅಡುಗೆಮನೆಯಲ್ಲಿ ಒಲೆ ಮುಂದೆ ನಿಲ್ಲುವವರಿಗೆ, ಹಂಡೆಯ ಸುಡುನೀರು ಹೊಯ್ದುಕೊಳ್ಳುವ ಅಭ್ಯಾಸದವರಿಗೆ ಈ ಸಂಗತಿ ಗೊತ್ತಿರಬೇಕು. ಜ್ವರ ಬಂದಾಗಲೂ ಹೀಗಾಗುತ್ತದೆ. ಇದರಿಂದ ಹೊಸ ಗಾಯವೇನೂ ಆಗಿರುವುದಿಲ್ಲ. ಮೈ ತಣಿದರೆ ಮಾತು ಮರಳುತ್ತದೆ. ತಣ್ಣೀರು ಕುಡಿಯುವುದು, ಒದ್ದೆ ಬಟ್ಟೆ ಹೊದೆಯುವುದು, ಮುಖ್ಯವಾದ ಮಾತುಕತೆಗಳನ್ನು ಬೆಳಗಿನ ತಂಪಿನಲ್ಲೇ ಮುಗಿಸಿಕೊಳ್ಳುವುದು ಉಪಯೋಗಕ್ಕೆ ಬರುತ್ತವೆ.

ಈ ಏರುಪೇರಿನಿಂದಲೇ ಆಸ್ಪತ್ರೆಯಲ್ಲೂ ಎಡವಟ್ಟಾಗುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಒಪಿಡಿಯಲ್ಲಿ ಡಾಕ್ಟರ ಎದುರು ಮಾತು ಚೆನ್ನಾಗಿಯೇ ಇರುತ್ತದೆ. ಸಂಜೆ ಮಾತು ಕೆಟ್ಟಾಗ ಮೊಬೈಲಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಂಡು ಹೋಗಿ ಕೇಳಿಸಿದರೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಅದರಲ್ಲೂ ಒಂದು ಬಗೆಯ ತೊಂದರೆಗೆ ಇದು ತೀರಾ ಅಗತ್ಯ. ಕೆಲವರಿಗೆ ಮಾತು ಇದ್ದಕ್ಕಿದ್ದಂತೆ ತೊದಲಿ, ಮೈ ವಾಲಿ, ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷದೊಳಗೆ ಸರಿಹೋಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗೇ ಬಂದು ಹೋಗುತ್ತದೆ. ನೋಡಿದವರು ಭಯಬೀಳುತ್ತಾರೆ, ಇಲ್ಲವೇ ನಾಟಕ ಎನ್ನುತ್ತಾರೆ. ಮೂರ್ಛೆರೋಗಕ್ಕೆ ದಶಕಗಳಿಂದ ಕೊಡುತ್ತಿರುವ ಕಾರ್ಬಮೆಜೆಪಿನ್ ಮಾತ್ರೆ ಸಣ್ಣ ಪ್ರಮಾಣದಲ್ಲೇ ಇದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಮೊದಲ ಸಲ ಮಾತು ಹಠಾತ್ತನೆ ತೊದಲಿದಾಗ ಯಾರೂ ಮನೆಯಲ್ಲಿ ಕಾಯ್ದು ನೋಡಬಾರದು. ಅದು ಪಾರ್ಶ್ವವಾಯುವೂ ಇರಬಹುದು. ನೇರ ಆಸ್ಪತ್ರೆಗೆ ಹೋಗಬೇಕು.

ಮಾತಿನ ದಾರಿ ಬೇರೆಯಲ್ಲ, ನುಂಗುವ ದಾರಿ ಬೇರೆಯಲ್ಲ. ಅದೇ ನಾಲಿಗೆ, ಅದೇ ಗಂಟಲು, ಅದೇ ನರಗಳು. ಊಟದ ಹೊತ್ತಿಗೆ ಪದೇಪದೇ ಕೆಮ್ಮು ಬಂದರೆ, ನೀರು ಕುಡಿದ ಮೇಲೆ ಧ್ವನಿ ಒದ್ದೆಯಾಗಿ ಗೊರಗೊರ ಎಂದರೆ, ಆಹಾರ ಶ್ವಾಸನಾಳದ ಕಡೆ ಜಾರುತ್ತಿದೆ ಎಂದು ಅನುಮಾನಿಸಬೇಕು. ಹೀಗೆ ಜಾರಿದ್ದು ಶ್ವಾಸಕೋಶ ಸೇರಿ ನ್ಯುಮೋನಿಯಾ ಆದರೆ ಪ್ರಾಣಕ್ಕೇ ಕುತ್ತು. ಗಟ್ಟಿ ಪದಾರ್ಥಕ್ಕಿಂತ ತೆಳು ನೀರು, ನೀರುಮಜ್ಜಿಗೆ ಹೆಚ್ಚು ತೊಂದರೆ ಕೊಡಬಹುದು. ತಿಳಿಸಾರಿನ ಅನ್ನದಂತೆ ದ್ರವ, ಅಗುಳು ಎರಡೂ ಬೆರೆತದ್ದು ಇನ್ನೂ ಕಷ್ಟ. ಅಗಿಯದೆ ಮುದ್ದೆ ನುಂಗುವ ರೂಢಿಯಿರುವ ಹಳೇ ಮೈಸೂರು ಕಡೆಯವರು ಅದನ್ನು ಚಿಕಿತ್ಸಕರಿಗೆ ಬಾಯಿಬಿಟ್ಟು ಹೇಳಬೇಕು. ಕೇಳುವುದು ಅವರಿಗೂ ಹೊಳೆಯದಿರಬಹುದು.

ಧ್ವನಿಯ ಜೊತೆ ಈ ಕಾಯಿಲೆ ನಡೆದುಕೊಂಡ ಬಗೆ ಎಷ್ಟು ಬೇರೆಬೇರೆ ಎನ್ನುವುದಕ್ಕೆ ಇಬ್ಬರು ಹೆಣ್ಣುಮಕ್ಕಳ ಬದುಕನ್ನು ನೋಡಬೇಕು. ಬಾರ್ಬರಾ ಜೋರ್ಡನ್ ಅಮೆರಿಕದ ಟೆಕ್ಸಸ್ ರಾಜ್ಯದಿಂದ ಆಯ್ಕೆಯಾದ ಕರಿಯ ಸಂಸದೆ, ಹ್ಯೂಸ್ಟನ್ನಿನ ಪಾದ್ರಿಯೊಬ್ಬರ ಮಗಳು. 1974ರ ಜುಲೈ 25ರಂದು ಅಧ್ಯಕ್ಷ ನಿಕ್ಸನ್ ವಿರುದ್ಧದ ಮಹಾಭಿಯೋಗದ ಸಮಿತಿಯಲ್ಲಿ ಅವರು ಸಂವಿಧಾನದ ಬಗ್ಗೆ ಆಡಿದ ಮಾತು ಟೀವಿಯಲ್ಲಿ ದೇಶಕ್ಕೆಲ್ಲ ಕೇಳಿಸಿತು. ಆಳವಾದ, ತೂಗಿ ಇಟ್ಟ, ಅಕ್ಷರ ಅಕ್ಷರವೂ ಸ್ಪಷ್ಟವಾದ ಆ ಧ್ವನಿ ಇವತ್ತಿಗೂ ಅಲ್ಲಿನ ಭಾಷಣಕಲೆಯ ಪಾಠ. ಆ ಹೊತ್ತಿಗಾಗಲೇ ಅವರಿಗೆ ಎಂಎಸ್ ಇರುವುದು ಗೊತ್ತಾಗಿತ್ತು, ಹೊರಗೆ ಹೇಳಿರಲಿಲ್ಲ. ಮುಂದೆ ಊರುಗೋಲು ಬಂತು, ಗಾಲಿಕುರ್ಚಿ ಬಂತು. 1992ರ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಗಾಲಿಕುರ್ಚಿಯಲ್ಲೇ ಕೂತು ಪ್ರಧಾನ ಭಾಷಣ ಮಾಡಿದರು. ಕಾಯಿಲೆ ಅವರ ಕಾಲನ್ನು ಕಟ್ಟಿಹಾಕಿತ್ತು, ಧ್ವನಿಯ ಗಾಂಭೀರ್ಯ ಉಳಿದಿತ್ತು.

ಇಂಗ್ಲೆಂಡಿನ ಚೆಲ್ಲೋ ವಾದಕಿ ಜಾಕ್ವೆಲಿನ್ ಡು ಪ್ರೇ ಕತೆ ಹಾಗಲ್ಲ. ಇಪ್ಪತ್ತರ ವಯಸ್ಸಿನಲ್ಲಿ, 1965ರಲ್ಲಿ ಎಲ್ಗರ್ ಅವರ ಚೆಲ್ಲೋ ಕನ್ಸರ್ಟೊ ಧ್ವನಿಮುದ್ರಿಸಿ ಜಗತ್ಪ್ರಸಿದ್ಧಿ ಪಡೆದವರು. ಕೆಲವೇ ವರ್ಷಗಳಲ್ಲಿ ಬೆರಳುಗಳ ಸ್ಪರ್ಶಜ್ಞಾನ ಕಡಿಮೆಯಾಗತೊಡಗಿತು. ತಂತಿಯ ಮೇಲೆ ಬೆರಳು ಎಲ್ಲಿದೆ ಎಂದು ಕಣ್ಣಿನಿಂದ ನೋಡಿ ನುಡಿಸಬೇಕಾಯಿತು. 1973ರ ಅಕ್ಟೋಬರಿನಲ್ಲಿ ಎಂಎಸ್ ಎಂದು ಗೊತ್ತಾದಾಗ ಅವರಿಗೆ 28. ವಾದ್ಯ ಕೆಳಗಿಟ್ಟ ಮೇಲೆ ಅವರು ವೇದಿಕೆಗೆ ಮರಳಿದ್ದು ಧ್ವನಿಯ ಮೂಲಕ. ಮಕ್ಕಳಿಗಾಗಿ ಪ್ರೊಕೊಫೀವ್ ರಚಿಸಿದ 'ಪೀಟರ್ ಅಂಡ್ ದಿ ವುಲ್ಫ್' ಸಂಗೀತ ಕಥನಕ್ಕೆ ಅವರು ನಿರೂಪಕಿಯಾದರು, ಆರ್ಕೆಸ್ಟ್ರಾ ನಡೆಸಿದ್ದು ಗಂಡ ಡೇನಿಯಲ್ ಬ್ಯಾರೆನ್‌ಬಾಯ್ಮ್. ಕೊನೆಯ ವರ್ಷಗಳಲ್ಲಿ ಮಾತಾಡುವುದೂ ದುಸ್ತರವಾಯಿತು. 1987ರಲ್ಲಿ, 42ನೇ ವಯಸ್ಸಿಗೆ ತೀರಿಕೊಂಡರು. ಆಗ ಕಾಯಿಲೆಯ ನಡೆಯನ್ನೇ ನಿಧಾನಿಸುವ ಒಂದು ಔಷಧಿಯೂ ಮಾರುಕಟ್ಟೆಯಲ್ಲಿ ಇರಲಿಲ್ಲ. ಅಂಥ ಮೊದಲ ಮದ್ದು, ಇಂಟರ್‌ಫೆರಾನ್ ಬೀಟಾ, ಅಮೆರಿಕದಲ್ಲಿ ಮಂಜೂರಾದದ್ದು 1993ರಲ್ಲಿ. ಈಗ ಹತ್ತಾರಿವೆ, ಹೊಸ ಗಾಯಗಳಾಗುವುದನ್ನು ಅವು ಬಹುಮಟ್ಟಿಗೆ ತಡೆಯುತ್ತವೆ. ಬೇಗ ಶುರುಮಾಡಿದಷ್ಟೂ ಉಳಿಯುವುದು ಹೆಚ್ಚು. ಆಗಿಹೋದ ಗಾಯವನ್ನು ಮಾಯಿಸುವ ಮದ್ದು ಮಾತ್ರ ಇನ್ನೂ ಕೈಗೆ ಬಂದಿಲ್ಲ. ಹಾಗಾಗಿ ಕೆಟ್ಟ ಮಾತನ್ನು ತಿದ್ದುವ ಕೆಲಸ ಸ್ಪೀಚ್ ಥೆರಪಿಸ್ಟರದು.

ಅವರ ಕೋಣೆಯಲ್ಲಿ ಮೊದಲ ದಿನ ನಡೆಯುವುದು ನೋಡಲು ಬಲು ಸರಳ. ಉಸಿರು ತುಂಬಿಕೊಂಡು 'ಆ' ಎಂದು ಎಳೆಯಿರಿ ಎನ್ನುತ್ತಾರೆ, ಕೈಯಲ್ಲಿ ಸ್ಟಾಪ್‌ವಾಚು. ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಸೆಕೆಂಡು ಎಳೆಯುತ್ತಾರೆ. ಎಷ್ಟು ಹೊತ್ತು ಬಂತು ಎನ್ನುವುದಕ್ಕಿಂತ ಆ 'ಆ' ಹೇಗೆ ಬಂತು ಎನ್ನುವುದನ್ನು ಅವರು ಕಿವಿಯಿಟ್ಟು ಕೇಳುತ್ತಾರೆ: ನಡುಗಿತೇ, ಒಡೆಯಿತೇ, ಗಾಳಿ ಸೋರಿತೇ, ತಾನಾಗಿ ಏರಿ ಇಳಿಯಿತೇ. ಆಮೇಲೆ 'ಪ-ತ-ಕ, ಪ-ತ-ಕ' ಎಂದು ಆದಷ್ಟು ಬೇಗ ಹೇಳಿಸುತ್ತಾರೆ. 'ಪ'ಕ್ಕೆ ತುಟಿ, 'ತ'ಕ್ಕೆ ನಾಲಿಗೆಯ ತುದಿ, 'ಕ'ಕ್ಕೆ ನಾಲಿಗೆಯ ಬುಡ. ಮೂರೂ ಸರದಿ ತಪ್ಪದೆ ಓಡಿದರೆ ಒಂದು ಲೆಕ್ಕ. ಒಂದು ಕಡೆ ಎಡವಿದರೆ ಎಲ್ಲಿ ಎಡವಿತೆಂದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಒಂದು ಪುಟ ಓದಿಸುತ್ತಾರೆ, ಮನೆಮಂದಿಯ ಬಗ್ಗೆ ಮಾತಾಡಿಸುತ್ತಾರೆ.

ಚಿಕಿತ್ಸೆಯ ಬಹುಪಾಲು ಅಭ್ಯಾಸ. ಒಂದು ಉಸಿರಿಗೆ ನಾಲ್ಕೈದು ಪದ ಆಡಿ ನಿಲ್ಲುವುದು, ಉಸಿರು ಮುಗಿಯುವ ಮೊದಲೇ ಮತ್ತೆ ತೆಗೆದುಕೊಳ್ಳುವುದು, ಒತ್ತಕ್ಷರಗಳನ್ನು ಬಾಯಿ ತುಂಬ ಉಚ್ಚರಿಸುವುದು, ಬೆನ್ನಿಗೆ ಆಸರೆಯಿಟ್ಟು ನೇರ ಕೂರುವುದು. ಅಮೆರಿಕದಲ್ಲಿ ಪಾರ್ಕಿನ್ಸನ್ಸ್ ಇದ್ದ ಲೀ ಸಿಲ್ವರ್‌ಮನ್ ಎಂಬ ಮಹಿಳೆಯ ಹೆಸರಿನಲ್ಲಿ ಒಂದು ಧ್ವನಿಚಿಕಿತ್ಸೆ ರೂಢಿಗೆ ಬಂದಿದೆ. ವಾರಕ್ಕೆ ನಾಲ್ಕು ದಿನದಂತೆ ನಾಲ್ಕು ವಾರ, ದಿನಕ್ಕೆ ಒಂದು ಗಂಟೆ, ಗಟ್ಟಿಯಾಗಿ ಮಾತಾಡುವುದೊಂದನ್ನೇ ಕಲಿಸುತ್ತಾರೆ. ಎಂಎಸ್‌ನಿಂದ ಧ್ವನಿ ಕುಗ್ಗಿದವರಲ್ಲಿ ನಡೆದ ಸಣ್ಣ ಅಧ್ಯಯನಗಳಲ್ಲೂ ಇದು ಫಲಕೊಟ್ಟಿದೆ. ಆದರೆ ಬೇಗ ದಣಿಯುವವರಿಗೆ ಅಷ್ಟು ಬಿಗಿಯಾದ ವೇಳಾಪಟ್ಟಿ ಹೊರೆಯಾಗುವುದುಂಟು. ಸ್ಪ್ರಿಂಗ್ ಇರುವ ಕೊಳವೆಗೆ ಜೋರಾಗಿ ಊದಿ ಉಸಿರು ಬಿಡುವ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಇದೆ. ಅದರಿಂದ ಸ್ನಾಯು ಗಟ್ಟಿಯಾಗುತ್ತದೆ; ಮಾತು ಅಷ್ಟೇ ಪ್ರಮಾಣದಲ್ಲಿ ಸುಧಾರಿಸುತ್ತದೆ ಎನ್ನಲಾಗದು.

ಕರ್ನಾಟಕದವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೇಂದ್ರ ಸರ್ಕಾರದ್ದು. ಮಾತು ಬಾರದ ಮಕ್ಕಳನ್ನು ಕರೆದೊಯ್ಯುವ ಜಾಗ ಎಂದೇ ಹೆಚ್ಚು ಜನ ಅದನ್ನು ಬಲ್ಲರು. ಬೆಳೆದವರ ನರಸಂಬಂಧಿ ಮಾತಿನ ತೊಂದರೆ, ಧ್ವನಿಯ ತೊಂದರೆ, ನುಂಗುವ ತೊಂದರೆಗಳೂ ಅಲ್ಲಿನ ಕೆಲಸವೇ, ಅದೂ ಕನ್ನಡದಲ್ಲೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗದ ಜೊತೆಗೇ ವಾಕ್ ಚಿಕಿತ್ಸೆಯ ವಿಭಾಗವಿದೆ. ನರರೋಗ ತಜ್ಞರು ತಾವಾಗಿ ಹೇಳದಿದ್ದರೂ 'ಮಾತಿನ ತೊಂದರೆಗೆ ಯಾರನ್ನು ನೋಡಲಿ?' ಎಂದು ಕೇಳುವ ಹಕ್ಕು ರೋಗಿಗಿದೆ, ಕೇಳಲೇಬೇಕು.

ಮನೆಯಲ್ಲಿ ಮಾಡಬಹುದಾದದ್ದೂ ಬಹಳಷ್ಟಿದೆ. ಮೇಷ್ಟ್ರುಗಳು, ಟೂರಿಸ್ಟ್ ಗೈಡುಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಮೈಕು ಸ್ಪೀಕರು ಧ್ವನಿ ಕುಗ್ಗಿದವರ ಅರ್ಧ ಕಷ್ಟ ಕಳೆಯುತ್ತದೆ. ಮಾತು ತೀರಾ ಅಸ್ಪಷ್ಟವಾದಾಗ ವರ್ಣಮಾಲೆಯ ಹಲಗೆಯಲ್ಲಿ ಪ್ರತಿ ಪದದ ಮೊದಲ ಅಕ್ಷರ ತೋರಿಸುತ್ತ ಮಾತಾಡಿದರೆ ಕೇಳುವವರ ಊಹೆ ಸುಲಭವಾಗುತ್ತದೆ, ಮಾತಾಡುವವರ ವೇಗವೂ ತಾನಾಗಿ ತಗ್ಗುತ್ತದೆ. ಕಾಯಿಲೆ ಏರುತ್ತಿದೆ ಎನಿಸಿದವರು ಧ್ವನಿ ಚೆನ್ನಾಗಿರುವಾಗಲೇ ತಮ್ಮ ಮಾತುಗಳನ್ನು ಫೋನಿನಲ್ಲಿ ಕೂಡಿಟ್ಟುಕೊಳ್ಳಬಹುದು. ಮುಂದೆ ಬೇಕಾದರೆ ಗುಂಡಿ ಒತ್ತಿ ತಮ್ಮದೇ ಧ್ವನಿಯಲ್ಲಿ ಕೇಳಿಸಬಹುದು. ಕಂಪ್ಯೂಟರಿನ ಧ್ವನಿಯಲ್ಲಿ ಬರುವ 'ನೀರು ಬೇಕು' ಕೆಲಸ ಮಾಡಿಕೊಡುತ್ತದೆ ನಿಜ. ಮಗಳನ್ನು ಮನೆಹೆಸರಿನಿಂದ ಕರೆಯುವುದು ಆ ಧ್ವನಿಗೆ ಆಗದು. ಎಂಎಸ್‌ನಲ್ಲಿ ಮಾತು ಪೂರ್ತಿ ನಿಂತುಹೋಗುವುದು ಅಪರೂಪ ಎನ್ನುವುದನ್ನೂ ಇಲ್ಲೇ ಹೇಳಬೇಕು, ಸುಮ್ಮನೆ ಹೆದರುವವರು ಬಹಳ ಜನ.

ಕೇಳುವವರ ಪಾಲಿನ ಕೆಲಸ ಇದಕ್ಕಿಂತ ಹಗುರ. ಟೀವಿ ಆರಿಸಿ, ಮಿಕ್ಸಿ ನಿಲ್ಲಿಸಿ, ಎದುರು ಕೂತು ಮುಖ ನೋಡುತ್ತ ಕೇಳಿದರೆ ಅರ್ಥವಾಗುವುದು ಎಷ್ಟೋ ಹೆಚ್ಚು. ಅರ್ಥವಾಗದಿದ್ದರೂ 'ಹ್ಞೂಂ ಹ್ಞೂಂ' ಎಂದು ತಲೆಯಾಡಿಸುವುದು ಮರ್ಯಾದೆಯಲ್ಲ, ಎದುರಿನವರಿಗೆ ಅದು ತಕ್ಷಣ ತಿಳಿಯುತ್ತದೆ. 'ಡಾಕ್ಟರ ಹತ್ರ ಹೋಗಿದ್ದು ಗೊತ್ತಾಯ್ತು, ಅವರು ಏನಂದ್ರು ಅನ್ನೋದು ಕೇಳಿಸ್ಲಿಲ್ಲ' ಎಂದರೆ ಪೂರ್ತಿ ವಾಕ್ಯ ಮತ್ತೆ ಹೇಳುವ ಶ್ರಮ ಉಳಿಯುತ್ತದೆ. ಅವರು ಪದ ಹುಡುಕುತ್ತಿರುವಾಗ ಬಾಯಿಗೆ ಪದ ತುರುಕಬಾರದು. ನೆರವು ಬೇಕೇ ಎಂದು ಒಮ್ಮೆ ಕೇಳಿಟ್ಟುಕೊಂಡರೆ ಸಾಕು. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಬಂದವರನ್ನು 'ಇವರಿಗೆ ಏನು ಬೇಕಂತೆ?' ಎಂದು ಕೇಳುವ ಚಾಳಿಯಿದೆ. ಕೂತವರನ್ನೇ ಕೇಳಬೇಕು, ಅವರು ಉತ್ತರ ಮುಗಿಸುವವರೆಗೆ ಕಾಯಬೇಕು.

ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಸ್ಪಷ್ಟವಾಗಿದೆ. ಮಾತು ಮತ್ತು ಭಾಷೆಯ ವೈಕಲ್ಯವೂ ಬೇರೆಯಾಗಿ ಅದೇ ಪಟ್ಟಿಯಲ್ಲಿದೆ. ಸರ್ಕಾರಿ ನೌಕರಿಯಲ್ಲಿರುವಾಗ ವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಈಗಿನ ಹುದ್ದೆ ನಿಭಾಯಿಸಲಾಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು ಎಂದು ಅದೇ ಕಾಯಿದೆಯ 20ನೇ ಕಲಂ ಹೇಳುತ್ತದೆ. ತರಗತಿಯಲ್ಲಿ ಗಂಟಲು ಸೋತು ರಾಜೀನಾಮೆ ಬರೆಯಲು ಕೂತ ಸರ್ಕಾರಿ ಶಾಲೆಯ ಶಿಕ್ಷಕಿ ಮೊದಲು ಓದಬೇಕಾದದ್ದು ಆ ಕಲಂ. ಅಂಗವೈಕಲ್ಯದ ಪ್ರಮಾಣಪತ್ರಕ್ಕೂ ಯುಡಿಐಡಿ ಗುರುತಿನ ಕಾರ್ಡಿಗೂ ಅರ್ಜಿ ಹಾಕುವಾಗ ನಡಿಗೆಯ ತೊಂದರೆಯ ಜೊತೆಗೆ ಮಾತಿನ ತೊಂದರೆಯನ್ನೂ ನಮೂದಿಸಿ, ಸ್ಪೀಚ್ ಥೆರಪಿಸ್ಟರ ವರದಿ ಲಗತ್ತಿಸುವುದು ಒಳ್ಳೆಯದು.